ಗಿನಿಪಿಗ್‌ಗೆ ಪೆಲೆಟ್: ಯಾವುದು, ಎಷ್ಟು, ಯಾವಾಗ ತಯಾರಾದದ್ದು?

ಪ್ರಶ್ನೆ: ಮಗಳ ಹಟಕ್ಕೆ ಸೋತು ಎರಡು ಗಿನಿಪಿಗ್‌ಗಳನ್ನು ಮನೆಗೆ ತಂದು ಎರಡು ತಿಂಗಳಾಯಿತು. ಎರಡೂ ಹೆಣ್ಣು, ಒಂದಕ್ಕೀಗ ಎಂಟು ತಿಂಗಳು, ಇನ್ನೊಂದಕ್ಕೆ ಮೂರು. ಅಂಗಡಿಯವರು ಬಣ್ಣಬಣ್ಣದ ಉಂಡೆ, ಒಣ ಮೆಕ್ಕೆಜೋಳ, ಸೂರ್ಯಕಾಂತಿ ಬೀಜಗಳು ಬೆರೆತ ಪೊಟ್ಟಣವೊಂದನ್ನು ಕೊಟ್ಟಿದ್ದರು. ಇನ್ನೊಂದು ಅಂಗಡಿಯಲ್ಲಿ ಕೇಳಿದರೆ, ಮೊಲದ ಪೆಲೆಟ್ (ಪುಡಿಮಾಡಿ ಕಡ್ಡಿಯಂತೆ ಒತ್ತಿದ ಸಿದ್ಧ ಆಹಾರ) ಹಾಕಿ, ಎರಡೂ ಒಂದೇ ಎಂದರು. ಹೊರದೇಶದ ಪೆಲೆಟ್‌ಗಳ ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಯಾವುದನ್ನು ಕೊಳ್ಳಬೇಕು, ದಿನಕ್ಕೆ ಎಷ್ಟು ಹಾಕಬೇಕು? ಬಟ್ಟಲು ಖಾಲಿಯಾದರೆ ಸಾಕು, ಕಿರುಚಾಟ ಶುರುವಾಗುತ್ತದೆ. ಜೊತೆಗೆ, ದೊಡ್ಡದರ ಮೂತ್ರ ಒಣಗಿದ ಜಾಗದಲ್ಲಿ ಸುಣ್ಣ ಬಳಿದಂಥ ಬಿಳಿ ಕಲೆ ಕಾಣುತ್ತಿದೆ. ಇದಕ್ಕೂ ಆಹಾರಕ್ಕೂ ಸಂಬಂಧವಿದೆಯೇ?
ಶಿವಮೊಗ್ಗದ ಓದುಗರೊಬ್ಬರು

ಉತ್ತರ: ತಾವು ಕೇಳಿರುವುದು ಪೆಲೆಟ್ ಬಗ್ಗೆ, ನಾನು ಶುರುಮಾಡಬೇಕಾಗಿರುವುದು ಹುಲ್ಲಿನಿಂದ. ಗಿನಿಪಿಗ್‌ನ ಊಟವನ್ನು ಬಾಳೆಲೆಯ ಮೇಲೆ ಬಡಿಸುವುದಾದರೆ ಅನ್ನದ ಜಾಗ ಒಣಹುಲ್ಲಿನದು, ಪಲ್ಯದ ಜಾಗ ಸೊಪ್ಪು ತರಕಾರಿಯದು, ಪೆಲೆಟ್ ಎಂಬುದು ಎಲೆಯ ತುದಿಯಲ್ಲಿ ಒಂದಿಷ್ಟು ಬೀಳುವ ಕೋಸಂಬರಿ. ನನ್ನ ಬಳಿಗೆ ಬರುವ ಗಿನಿಪಿಗ್‌ಗಳಲ್ಲಿ ಬಹಳಷ್ಟಕ್ಕೆ ಬಂದಿರುವ ಕಾಯಿಲೆಯ ಮೂಲ ಹುಡುಕಿದರೆ, ಕೋಸಂಬರಿಯನ್ನೇ ಅನ್ನವೆಂದು ಬಡಿಸಿರುವುದು ಕಂಡುಬರುತ್ತದೆ. ಬಟ್ಟಲು ತುಂಬ ಪೆಲೆಟ್ ಇದ್ದರೆ ಅವು ಹುಲ್ಲಿನ ಕಡೆಗೆ ತಿರುಗಿಯೂ ನೋಡುವುದಿಲ್ಲ, ಮನೆಯವರು "ಹುಲ್ಲು ತಿನ್ನುವುದೇ ಇಲ್ಲ ಡಾಕ್ಟ್ರೇ, ಅದಕ್ಕೇ ಪೆಲೆಟ್ ಜಾಸ್ತಿ ಹಾಕುತ್ತಿದ್ದೇವೆ" ಎನ್ನುತ್ತಾರೆ, ಹೀಗೆ ಕಾರಣವೂ ಪರಿಣಾಮವೂ ಒಂದರ ಬಾಲವನ್ನೊಂದು ಕಚ್ಚಿಕೊಂಡು ಸುತ್ತುತ್ತಿರುತ್ತವೆ.

ಹುಲ್ಲಿಗೇಕೆ ಇಷ್ಟು ಮಹತ್ವ ಎಂಬುದಕ್ಕೆ ಅದರ ಬಾಯೊಳಗೆ ನೋಡಬೇಕು. ಗಿನಿಪಿಗ್‌ಗೆ ಇಪ್ಪತ್ತು ಹಲ್ಲು. ಎದುರಿಗೆ ಕಾಣುವ ನಾಲ್ಕು ಬಾಚಿಹಲ್ಲುಗಳಷ್ಟೇ ಅಲ್ಲ, ಹಿಂದಿನ ದವಡೆಹಲ್ಲುಗಳೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ದವಡೆ ಆಡಿಸಿ ಗಂಟೆಗಟ್ಟಲೆ ಅರೆದಾಗ ಮಾತ್ರ ಆ ಬೆಳವಣಿಗೆ ಸವೆತಕ್ಕೆ ಸರಿದೂಗುತ್ತದೆ. ಪೆಲೆಟ್ ಎಷ್ಟೇ ಗಟ್ಟಿಯಾಗಿರಲಿ, ಕಚ್ಚಿದೊಡನೆ ಪುಡಿಯಾಗುತ್ತದೆ, ಅರೆಯುವ ಕೆಲಸ ಬೀಳುವುದಿಲ್ಲ. ಹೀಗೆ ಸವೆಯದೆ ಉಳಿದ ಕೆಳದವಡೆಯ ಹಲ್ಲುಗಳು ಒಳಮುಖವಾಗಿ ಬಾಗುತ್ತ ಬಂದು ನಾಲಿಗೆಯ ಮೇಲೆ ಕಮಾನಿನಂತೆ ಕೂಡಿಕೊಂಡರೆ, ಎದುರಿಗೆ ಊಟವಿದ್ದರೂ ಪ್ರಾಣಿ ನುಂಗಲಾರದೆ ಸೊರಗುತ್ತದೆ. ಹೊಟ್ಟೆಯ ಕತೆಯೂ ಇದೇ. ನಾರನ್ನು ಹುದುಗಿಸುವ ಸೂಕ್ಷ್ಮಜೀವಿಗಳು ತುಂಬಿದ ದೊಡ್ಡ ಚೀಲದಂಥ ಕರುಳಿನ ಭಾಗವೊಂದು ಅದಕ್ಕಿದೆ. ನಾರು ಕಡಿಮೆಯಾಗಿ ಪಿಷ್ಟ ಹೆಚ್ಚಾದರೆ ಅಲ್ಲಿನ ಜೀವಿಗಳ ಸಮತೋಲ ಕೆಟ್ಟು ಹೊಟ್ಟೆಯುಬ್ಬರವೋ ಭೇದಿಯೋ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಪೆಲೆಟ್ ಬೇಕೇ ಬೇಕೆ? ನಾನಾ ಬಗೆಯ ಹಸಿಹುಲ್ಲು, ಸೊಪ್ಪು, ವಿಟಮಿನ್ ಸಿ ಇರುವ ತರಕಾರಿಗಳನ್ನು ತಪ್ಪದೆ ಒದಗಿಸಬಲ್ಲವರಿಗೆ ಅದು ಅನಿವಾರ್ಯವಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಜನ ಸಾವಿರಾರು ವರ್ಷಗಳಿಂದ ಇವುಗಳನ್ನು ಹುಲ್ಲು, ಸಿಪ್ಪೆಗಳ ಮೇಲೆಯೇ ಸಾಕಿದ್ದಾರೆ. ಆದರೆ ನಮ್ಮ ಊರುಗಳಲ್ಲಿ ಒಂದು ವಾರ ಹುಲ್ಲು ಸಿಕ್ಕರೆ ಇನ್ನೊಂದು ವಾರ ಸಿಗುವುದಿಲ್ಲ, ಕೆಲಸದ ಗಡಿಬಿಡಿಯಲ್ಲಿ ಮನೆಯವರು ಒಂದೇ ಸೌತೆಕಾಯಿಯನ್ನು ನಾಲ್ಕು ದಿನ ಹಾಕಿಬಿಡುವುದೂ ಉಂಟು. ಅಂಥ ದಿನಗಳಲ್ಲಿ ಖನಿಜ, ಜೀವಸತ್ವಗಳಿಗೆ ಕೊರತೆಯಾಗದಂತೆ ಕಾಯುವ ವಿಮೆಯೆಂದು ಪೆಲೆಟ್ಟನ್ನು ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಈ ಜೀವಸತ್ವಗಳಲ್ಲಿ ಮುಖ್ಯವಾದದ್ದು ವಿಟಮಿನ್ ಸಿ. ನಾಯಿ, ಬೆಕ್ಕು, ಮೊಲ, ಇಲಿಗಳೆಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಕಿಣ್ವವೊಂದು ಮನುಷ್ಯನಲ್ಲಿಯೂ ಗಿನಿಪಿಗ್‌ನಲ್ಲಿಯೂ ಕೆಲಸ ಮಾಡುವುದಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಹಡಗಿನ ನಾವಿಕರನ್ನು ಕಾಡುತ್ತಿದ್ದ ಬೆರಿಬೆರಿ ಎಂಬ ಕಾಯಿಲೆಯನ್ನು ಅಭ್ಯಸಿಸಲೆಂದು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ, ಅವಕ್ಕೆ ಬಂದದ್ದು ಬೆರಿಬೆರಿಯಲ್ಲ, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ. ವಿಟಮಿನ್ ಸಿ ಪತ್ತೆಯಾಗುವ ದಾರಿ ತೆರೆದದ್ದು ಹೀಗೆ. ನಿಮ್ಮ ಅಂಗಡಿಯವರು ಕೊಟ್ಟ ಕಾಳಿನ ಪೊಟ್ಟಣವನ್ನು ಕಂಡಾಗಲೆಲ್ಲ ನನಗೆ ಆ ಪ್ರಯೋಗವೇ ನೆನಪಾಗುತ್ತದೆ.

ಸ್ಕರ್ವಿ ಹೇಗೆ ಬರುತ್ತದೆ ಎಂಬುದಕ್ಕೆ ಕಳೆದ ಮಳೆಗಾಲದ ಒಂದು ಪ್ರಕರಣವನ್ನು ಹೇಳುತ್ತೇನೆ. ಒಂದು ವರ್ಷದ ಗಂಡು ಗಿನಿಪಿಗ್ ಬುಟ್ಟಿಯ ಮೂಲೆಯಲ್ಲಿ ಮೈಯ ಕೂದಲು ನಿಮಿರಿಸಿಕೊಂಡು ಉಂಡೆಯಾಗಿ ಕುಳಿತಿತ್ತು. ಎತ್ತಿಕೊಂಡೊಡನೆ ಚೀರಿತು, ಹಿಂಗಾಲನ್ನು ನೆಲಕ್ಕೆ ಊರದೆ ಎಳೆಯುತ್ತಿತ್ತು, ಮೊಣಕಾಲಿನ ಕೀಲು ಊದಿತ್ತು. ಎಲ್ಲಿಂದಲೋ ಬಿದ್ದು ಕಾಲು ಮುರಿದಿರಬೇಕೆಂದು ಮನೆಯವರು ತಿಳಿದಿದ್ದರು. ಏನು ತಿನ್ನಿಸುತ್ತೀರಿ ಎಂದು ಕೇಳಿದಾಗ, ಸೌತೆಕಾಯಿ ಮತ್ತು ಗಿನಿಪಿಗ್ ಪೆಲೆಟ್, ಅದೂ ಒಳ್ಳೆಯ ಪೆಲೆಟ್ಟೇ ಎಂದರು. ಪೆಲೆಟ್ ಒಳ್ಳೆಯದಿದ್ದಿರಬಹುದು. ಆದರೆ ಅಂಗಡಿಯವರು ದೊಡ್ಡ ಚೀಲ ಒಡೆದು ಪ್ಲಾಸ್ಟಿಕ್ ಕವರಿನಲ್ಲಿ ತೂಗಿ ಕೊಟ್ಟಿದ್ದ ಆ ಪೆಲೆಟ್ ಯಾವ ತಿಂಗಳದ್ದೆಂದು ಯಾರಿಗೂ ತಿಳಿದಿರಲಿಲ್ಲ. ಮೂಳೆ ಮುರಿದಿರಲಿಲ್ಲ, ವಿಟಮಿನ್ ಸಿ ಕೊಡಲು ಶುರುಮಾಡಿದ ಒಂದು ವಾರದೊಳಗೆ ಅದು ನಾಲ್ಕು ಕಾಲಿನ ಮೇಲೆ ಓಡಾಡುತ್ತಿತ್ತು.

ಆದುದರಿಂದ ಪೆಲೆಟ್ ಕೊಳ್ಳುವಾಗ ನಾನು ಮೊದಲು ಹುಡುಕುವುದು ಕಂಪನಿಯ ಹೆಸರನ್ನಲ್ಲ, ತಯಾರಾದ ದಿನಾಂಕವನ್ನು. ಸಾಧಾರಣ ರೂಪದ ವಿಟಮಿನ್ ಸಿ ಗಾಳಿ, ಬೆಳಕು, ಶಾಖ, ತೇವಗಳಿಗೆ ಸಿಕ್ಕಿ ಕೆಡುತ್ತ ಹೋಗುತ್ತದೆ. ತಯಾರಾದ ಸುಮಾರು 90 ದಿನಗಳಲ್ಲಿ ಅರ್ಧದಷ್ಟು ಹೋಗಿರುತ್ತದೆಂದು ಲೆಕ್ಕ ಹಿಡಿಯುವುದು ಕ್ಷೇಮ. ಕೆಲವು ತಯಾರಕರು ಬೇಗ ಕೆಡದಂಥ, ಫಾಸ್ಫೇಟ್ ಸೇರಿಸಿದ ಸ್ಥಿರ ರೂಪವನ್ನು ಬಳಸುತ್ತಾರೆ. ಪೊಟ್ಟಣದ ಮೇಲೆ ಆಸ್ಕಾರ್ಬಿಲ್ ಪಾಲಿಫಾಸ್ಫೇಟ್ ಎಂಬಂಥ ಹೆಸರಿದ್ದರೆ ಅದು ಇದೇ, ಮತ್ತು ಅದು ಹೆಚ್ಚು ಕಾಲ ಬಾಳುತ್ತದೆ. ಹೊರದೇಶದಿಂದ ಬರುವ ಪೆಲೆಟ್ ಹಡಗಿನಲ್ಲಿ, ಗೋದಾಮಿನಲ್ಲಿ ತಿಂಗಳುಗಳನ್ನು ಕಳೆದೇ ನಮ್ಮ ಕೈ ಸೇರುವುದರಿಂದ, "ಇಷ್ಟರೊಳಗೆ ಬಳಸಿ" ಎಂಬ ದಿನಾಂಕ ಇನ್ನೂ ದೂರವಿದ್ದರೂ ಒಳಗಿನ ವಿಟಮಿನ್ ಆಗಲೇ ತೆಳುವಾಗಿರಬಹುದು. ಹೀಗಿರುವಾಗ ದುಬಾರಿ ಬೆಲೆ ಕೊಟ್ಟು ಹಳೆಯ ಪೆಲೆಟ್ ತರುವುದಕ್ಕಿಂತ, ಅಂಶಗಳ ಪಟ್ಟಿ ಸರಿಯಾಗಿರುವ ಹೊಸ ಪೆಲೆಟ್ಟನ್ನು ತರುವುದೇ ಮೇಲು.

ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ. ಆರೋಗ್ಯವಾಗಿರುವ ವಯಸ್ಕ ಗಿನಿಪಿಗ್‌ಗೆ ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 10 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಬೆಳೆಯುವ ಮರಿಗೆ, ಬಸುರಿಗೆ 30ರವರೆಗೂ ಬೇಕಾಗುತ್ತದೆ. ನಿಮ್ಮ ದೊಡ್ಡದು 900 ಗ್ರಾಂ ಇದೆಯೆಂದುಕೊಂಡರೆ ಕನಿಷ್ಠ 9 ಮಿಲಿಗ್ರಾಂ ಆಯಿತು. ಪೊಟ್ಟಣದ ಮೇಲೆ ಕಿಲೋಗೆ 500 ಮಿಲಿಗ್ರಾಂ ಎಂದು ಬರೆದಿರುವ ಪೆಲೆಟ್ಟನ್ನು ದಿನಕ್ಕೆ 15 ಗ್ರಾಂ ಕೊಟ್ಟರೆ, ತಾಜಾ ಇದ್ದಾಗಲೂ ಅದಕ್ಕೆ ಸಿಗುವುದು ಏಳೂವರೆ ಮಿಲಿಗ್ರಾಂ, ಹಳತಾದರೆ ನಾಲ್ಕರ ಆಸುಪಾಸು. ಅಂದರೆ ಪೆಲೆಟ್ ಒಂದನ್ನೇ ನಂಬಿ ಕೂರುವಂತಿಲ್ಲ. ಅದೇ 20 ಗ್ರಾಂ ಕೆಂಪು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 25 ಮಿಲಿಗ್ರಾಂ ಇರುತ್ತದೆ. ಹಸಿರು ದೊಣ್ಣೆ ಮೆಣಸಿನಕಾಯಿಯಾದರೆ 30 ಗ್ರಾಂ ಸಾಕು. ಸೀಬೆಹಣ್ಣಿನ ಸಣ್ಣ ಹೋಳೊಂದರಲ್ಲಿಯೂ ಬೇಕಾದಷ್ಟಿದೆ, ಆದರೆ ಸಕ್ಕರೆಯ ಕಾರಣ ಅದನ್ನು ವಾರಕ್ಕೆ ಒಂದೆರಡು ಸಲಕ್ಕೆ ಮಿತಿಗೊಳಿಸಿ. ಕುಡಿಯುವ ನೀರಿಗೆ ವಿಟಮಿನ್ ಹನಿ ಬೆರೆಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ: ವಿಟಮಿನ್ ನೀರಿನಲ್ಲಿ ಬೇಗ ಕೆಡುತ್ತದೆ, ರುಚಿ ಬದಲಾಯಿತೆಂದು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತದೆ.

ಬಣ್ಣದ ಮಿಶ್ರಣದ ವಿಚಾರಕ್ಕೆ ಹೆಚ್ಚು ಮಾತು ಬೇಕಿಲ್ಲ, ದಯವಿಟ್ಟು ನಿಲ್ಲಿಸಿ. ಅವು ಸಿಹಿಯಾದದ್ದನ್ನೂ ಎಣ್ಣೆಯ ಬೀಜಗಳನ್ನೂ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತವೆ, ಸೂರ್ಯಕಾಂತಿ ಬೀಜದ ಸಿಪ್ಪೆ, ಒಣ ಜೋಳದ ಕಾಳುಗಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಗಿನಿಪಿಗ್‌ಗೆ ವಾಂತಿ ಮಾಡಿ ಹೊರಹಾಕುವ ಶಕ್ತಿಯಿಲ್ಲ.

ಮೊಲದ ಪೆಲೆಟ್ಟನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನೋಡಲು ಎರಡೂ ಒಂದೇ ತೆರನ ಹಸಿರು ಕಡ್ಡಿಗಳು. ಮೊಲಕ್ಕೆ ವಿಟಮಿನ್ ಸಿಯನ್ನು ಹೊರಗಿನಿಂದ ಕೊಡುವ ಅಗತ್ಯವಿಲ್ಲವಾದ್ದರಿಂದ ಅದರ ಪೆಲೆಟ್ಟಿಗೆ ಸಾಮಾನ್ಯವಾಗಿ ಅದನ್ನು ಸೇರಿಸುವುದಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ಮೂಟೆಗಳಲ್ಲಿ ಬರುವ ಮೊಲದ ಆಹಾರ ಹೆಚ್ಚಾಗಿ ಮಾಂಸಕ್ಕಾಗಿ ಸಾಕುವವರಿಗೆಂದು, ಬೇಗ ತೂಕ ಬರಿಸಲೆಂದು ತಯಾರಾದದ್ದು, ಅದರಲ್ಲಿ ಧಾನ್ಯ, ಹಿಂಡಿಗಳ ಪಾಲು ಜಾಸ್ತಿ, ಕೆಲವದರಲ್ಲಿ ಕರುಳಿನ ರೋಗ ತಡೆಯುವ ಔಷಧಗಳೂ ಬೆರೆತಿರುತ್ತವೆ. ಕೆಲವು ಆ್ಯಂಟಿಬಯಾಟಿಕ್‌ಗಳು, ಮುಖ್ಯವಾಗಿ ಬಾಯಿಯ ಮೂಲಕ ಹೋಗುವ ಪೆನಿಸಿಲಿನ್ ಗುಂಪಿನವು, ಗಿನಿಪಿಗ್‌ನ ಕರುಳಿನ ಒಳ್ಳೆಯ ಜೀವಿಗಳನ್ನು ಕೊಂದು ಪ್ರಾಣವನ್ನೇ ತೆಗೆಯಬಲ್ಲವು. ಹಾಗಾಗಿ ಔಷಧ ಬೆರೆತ ಯಾವ ಪಶು ಆಹಾರವೂ ಅದರ ಬಟ್ಟಲಿಗೆ ಬೇಡ. "ಮೊಲ ಮತ್ತು ಗಿನಿಪಿಗ್ ಎರಡಕ್ಕೂ" ಎಂದು ಬರೆದಿರುವ ಪೊಟ್ಟಣಗಳನ್ನು ಕಂಡರೆ ಹಿಂಬದಿ ತಿರುಗಿಸಿ ವಿಟಮಿನ್ ಸಿ ಎಂಬ ಸಾಲು ಇದೆಯೇ ನೋಡಿ. ಹೆಚ್ಚಿನ ಸಲ ಅದು ಇರುವುದಿಲ್ಲ.

ಹಿಂಬದಿ ತಿರುಗಿಸಿದ ಮೇಲೆ ಓದಬೇಕಾದ್ದು ಇನ್ನೂ ಕೆಲವಿದೆ. ಅಂಶಗಳ ಪಟ್ಟಿಯಲ್ಲಿ ಮೊದಲ ಹೆಸರು ಟಿಮೊಥಿಯಂಥ ಹುಲ್ಲಿನದಾಗಿರಬೇಕು. ಮೆಕ್ಕೆಜೋಳ, ಗೋಧಿ ಬೂಸಾ, ಕಾಕಂಬಿಗಳು ಮೊದಲ ಸ್ಥಾನದಲ್ಲಿದ್ದರೆ ಕೆಳಗಿಡಿ. ನಾರಿನ ಅಂಶ ಶೇ. 20ಕ್ಕಿಂತ ಮೇಲಿರಲಿ, ಪ್ರೋಟೀನ್ ವಯಸ್ಕ ಪ್ರಾಣಿಗೆ ಶೇ. 14ರಿಂದ 16 ಸಾಕು. ಕ್ಯಾಲ್ಸಿಯಂ ಶೇ. 1ನ್ನು ಮೀರಿದ್ದರೆ ಅದು ಬಹುಶಃ ಕುದುರೆ ಮೆಂತ್ಯದಿಂದ, ಅಂದರೆ ಅಂಗಡಿಗಳಲ್ಲಿ ಆಲ್ಫಾಲ್ಫಾ ಎನ್ನುವ, ನಮ್ಮ ಹೈನುಗಾರರು ಲೂಸರ್ನ್ ಎಂದು ಬೆಳೆಯುವ ಮೇವಿನಿಂದ ಮಾಡಿದ ಪೆಲೆಟ್. ಅದು ಕೆಟ್ಟದ್ದಲ್ಲ; ಆರು ತಿಂಗಳೊಳಗಿನ ಮರಿಗಳಿಗೆ, ಬಸುರಿ ಬಾಣಂತಿಯರಿಗೆ ಹೇಳಿ ಮಾಡಿಸಿದ್ದು. ಬೆಳೆದ ಪ್ರಾಣಿಗೆ ಮಾತ್ರ ಅದರ ಸುಣ್ಣದಂಶ ಹೊರೆಯಾಗುತ್ತದೆ.

ಹಾಗೆಂದು ಅಚ್ಚಾದದ್ದನ್ನೆಲ್ಲ ನಂಬುವವನು ನಾನಲ್ಲ. ಹೊಸ ಪೆಲೆಟ್ ಕೈಗೆ ಬಂದಾಗ ಹತ್ತು ಕಡ್ಡಿಗಳನ್ನು ಬಿಳಿ ಬಟ್ಟಲಿನ ನೀರಿಗೆ ಹಾಕಿ ಕಾಲು ಗಂಟೆ ಬಿಡುತ್ತೇನೆ. ಉಬ್ಬಿ ಬಿಚ್ಚಿಕೊಂಡ ಮೇಲೆ ಬೆರಳಿನಿಂದ ಹರಡಿ ನೋಡಿದರೆ, ಹುಲ್ಲಿನದಾದರೆ ಹಸಿರು ಕಂದು ಬಣ್ಣದ ಸಣ್ಣ ಸಣ್ಣ ನಾರುಗಳು ಬೆರಳಿಗೆ ಅಂಟುತ್ತವೆ, ಒಣಹುಲ್ಲಿನ ಬಣವೆಯ ಪಕ್ಕ ನಿಂತಂಥ ವಾಸನೆ ಬರುತ್ತದೆ. ಧಾನ್ಯದ್ದಾದರೆ ನೀರು ಗಂಜಿಯಂತಾಗಿ, ತಳದಲ್ಲಿ ಹಳದಿ ನುಚ್ಚು ನಿಲ್ಲುತ್ತದೆ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ಒಂದೆರಡು ಪೊಟ್ಟಣಗಳ ಬಣ್ಣವನ್ನು ನನ್ನೆದುರು ಬಯಲು ಮಾಡಿದೆ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಹಣ ಹೋಯಿತೆಂದು ಚಿಂತಿಸದೆ ಎಸೆಯಿರಿ.

ನಿಮ್ಮದು ಮಲೆನಾಡಿನ ಬಾಗಿಲ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೂ ನೀರಾಗುವ ಹವೆ. ಪೆಲೆಟ್ ಅಂಥ ಗಾಳಿಯಿಂದ ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಮತ್ತು ಕೆಲವು ಬೂಷ್ಟುಗಳ ವಿಷಕ್ಕೆ ಗಿನಿಪಿಗ್‌ಗಳ ಯಕೃತ್ತು ತೀರ ಸೂಕ್ಷ್ಮ. ಎರಡು ಪ್ರಾಣಿಗಳಿಗೆ ತಿಂಗಳಿಗೆ ಒಂದು ಕಿಲೋ ಸಾಕಾಗುತ್ತದೆ. ಅಗ್ಗವೆಂದು ಐದು ಕಿಲೋ ಚೀಲ ತರಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ, ಕತ್ತಲಿನ ಕಪಾಟಿನಲ್ಲಿಡಿ, ತಯಾರಾದ ದಿನಾಂಕವನ್ನು ಪೊಟ್ಟಣದಿಂದ ಕತ್ತರಿಸಿ ಡಬ್ಬಿಗೆ ಅಂಟಿಸಿ. ಹಳೆಯದು ತಳದಲ್ಲಿರುವಾಗಲೇ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅದು ಬೇಡ.

ಇನ್ನು ಪ್ರಮಾಣ. ಬೆಳೆದ ಒಂದು ಗಿನಿಪಿಗ್‌ಗೆ ದಿನಕ್ಕೆ ದೊಡ್ಡ ಚಮಚದಲ್ಲಿ ಮಟ್ಟಸವಾಗಿ ಎರಡು ಚಮಚ, ತೂಕದಲ್ಲಿ 15ರಿಂದ 20 ಗ್ರಾಂ. ಇಷ್ಟೇ. ಅದನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಬಹುದು. ಮೂರು ತಿಂಗಳದ ಮರಿ ಬೆಳೆಯುವ ವಯಸ್ಸಿನದು, ಅದಕ್ಕೆ ಈ ಕಟ್ಟುನಿಟ್ಟು ಇನ್ನೂ ಬೇಡ. ಎರಡೂ ಒಂದೇ ಗೂಡಿನಲ್ಲಿರುವಾಗ ಎರಡು ಬಗೆಯ ಪೆಲೆಟ್ ಹಾಕಿದರೆ ದೊಡ್ಡದು ಚಿಕ್ಕದರ ಪಾಲನ್ನೂ ಮುಗಿಸುತ್ತದೆ. ಆದ್ದರಿಂದ ಇಬ್ಬರಿಗೂ ಹುಲ್ಲಿನ ಪೆಲೆಟ್ಟನ್ನೇ ಹಾಕಿ, ಮರಿಯನ್ನು ದಿನಕ್ಕೆರಡು ಬಾರಿ ಮಡಿಲಲ್ಲಿ ಕೂರಿಸಿಕೊಂಡು ಒಂದು ಚಮಚ ಹೆಚ್ಚಿನ ಪೆಲೆಟ್ಟನ್ನೂ ಸ್ವಲ್ಪ ಲೂಸರ್ನ್ ಸೊಪ್ಪನ್ನೂ ಬೇರೆಯಾಗಿ ತಿನ್ನಿಸಿ. ಈ ಕೆಲಸವನ್ನು ನಿಮ್ಮ ಮಗಳಿಗೆ ವಹಿಸಬಹುದು. ಮರಿ ಮೈಗೆ ಹೊಂದಿಕೊಳ್ಳುವುದೂ ಹೀಗೆಯೇ. ಗೂಡಿನಲ್ಲಿ ಭಾರದ ಪಿಂಗಾಣಿ ಬಟ್ಟಲುಗಳು ಎರಡಿರಲಿ, ಒಂದಕ್ಕೊಂದು ದೂರದಲ್ಲಿರಲಿ.

ಕಿರುಚಾಟಕ್ಕೆ ಮಣಿಯಬೇಡಿ. ಫ್ರಿಜ್ಜಿನ ಬಾಗಿಲ ಸದ್ದು, ಪ್ಲಾಸ್ಟಿಕ್ ಕವರಿನ ಪರಪರ ಕೇಳಿದೊಡನೆ ಕೂಗುವುದನ್ನು ಇವು ಕೆಲವೇ ದಿನಗಳಲ್ಲಿ ಕಲಿಯುತ್ತವೆ, ಅದು ಹಸಿವಿನ ಕೂಗೇ ಆಗಿರಬೇಕಿಲ್ಲ. ಕೂಗಿದಾಗ ಒಂದು ಹಿಡಿ ಹುಲ್ಲು ಹಾಕಿ. ಹುಲ್ಲು ಮಾತ್ರ ಹಗಲೂ ರಾತ್ರಿ ಖಾಲಿಯಾಗಕೂಡದು. ಟಿಮೊಥಿ ಹುಲ್ಲು ದುಬಾರಿಯೆನಿಸಿದರೆ ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು ಆಗುತ್ತದೆ. ನೆರಳಿನಲ್ಲಿ ಒಣಗಿಸಿದ ಗರಿಕೆಯನ್ನಂತೂ ಇವು ಗಣಪನಷ್ಟೇ ಪ್ರೀತಿಯಿಂದ ಸ್ವೀಕರಿಸುತ್ತವೆ. ನಾಯಿಗಳು ಓಡಾಡುವ, ಕಳೆನಾಶಕ ಹೊಡೆದ ಜಾಗದ್ದಾಗಿರಬಾರದು, ಅಷ್ಟೆ. ಹಸಿಯಾಗಿ ಕೊಡುವುದಾದರೆ ಮೊದಲ ವಾರ ನಾಲ್ಕೈದು ಎಳೆಗಳಿಂದ ಶುರುಮಾಡಿ. ಭತ್ತದ ಹುಲ್ಲು ಹಾಸಿಗೆಗೆ ಸರಿ, ಊಟಕ್ಕೆ ಸಾರವಿಲ್ಲ.

ಬದಲಾವಣೆಯನ್ನು ನಾಳೆಯೇ ಪೂರ್ತಿ ಮಾಡಿಬಿಡಬೇಡಿ. ಚಿಕ್ಕಂದಿನಲ್ಲಿ ತಿಂದದ್ದನ್ನೇ ಆಹಾರವೆಂದು ನಂಬುವ ಪ್ರಾಣಿಯಿದು. ಅಪರಿಚಿತವಾದದ್ದನ್ನು ಕಂಡು ಉಪವಾಸ ಕೂರಲೂ ಹೇಸುವುದಿಲ್ಲ, ಮತ್ತು ಅದರ ಕರುಳು ಅರ್ಧ ದಿನ ಖಾಲಿ ಇದ್ದರೂ ಚಲನೆ ನಿಲ್ಲಿಸತೊಡಗುತ್ತದೆ. ಹಳೆಯ ಮಿಶ್ರಣದಿಂದ ಬೀಜ, ಜೋಳಗಳನ್ನು ಆರಿಸಿ ತೆಗೆದು, ಉಳಿದದ್ದಕ್ಕೆ ಕಾಲು ಭಾಗ ಹೊಸ ಪೆಲೆಟ್ ಬೆರೆಸಿ, ಎರಡು ಮೂರು ವಾರಗಳಲ್ಲಿ ಪೂರ್ತಿ ಹೊಸದಕ್ಕೆ ಬನ್ನಿ. ಈ ಅವಧಿಯಲ್ಲಿ ಹಿಕ್ಕೆಗಳನ್ನು ಗಮನಿಸಿ. ಸಣ್ಣವಾಗಿ, ಒಣಗಿ, ಸಂಖ್ಯೆಯಲ್ಲಿ ಕಡಿಮೆಯಾದರೆ ತಿನ್ನುವುದು ಕಡಿಮೆಯಾಗಿದೆಯೆಂದರ್ಥ. ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. 50 ಗ್ರಾಂ ಇಳಿದರೆ ಮರುದಿನವೇ ಮತ್ತೆ ತೂಗಿ, 100 ಗ್ರಾಂ ಇಳಿದರೆ ವೈದ್ಯರಲ್ಲಿಗೆ ಹೋಗಿ. ಮರಿಯ ತೂಕ ಏರುತ್ತಲೇ ಇರಬೇಕು. ಅದು ನಿಂತರೂ ತೋರಿಸಿ.

ಕೊನೆಯದಾಗಿ ಆ ಬಿಳಿ ಕಲೆ. ನಾವು ತಿಂದ ಕ್ಯಾಲ್ಸಿಯಂನಲ್ಲಿ ಮೈಗೆ ಬೇಡವಾದದ್ದು ಬಹುಪಾಲು ಮಲದಲ್ಲಿ ಹೋಗುತ್ತದೆ. ಗಿನಿಪಿಗ್‌ನಲ್ಲಿ ಅದು ಹೆಚ್ಚಾಗಿ ಮೂತ್ರದಲ್ಲಿ ಹೋಗುತ್ತದೆ. ಆದ್ದರಿಂದ ಮೂತ್ರ ಒಣಗಿದಲ್ಲಿ ತೆಳುವಾಗಿ, ನುಣುಪು ಪುಡಿಯಂತೆ ಬಿಳುಪು ಕಾಣುವುದು ಸಹಜವೇ. ಆದರೆ ಆ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ: ರಂಗೋಲಿ ಪುಡಿಯಂತೆ ತರಿತರಿಯಾಗಿ ಸಿಕ್ಕರೆ, ಅಥವಾ ದಪ್ಪ ಪದರವಾಗಿ ಕಟ್ಟುತ್ತಿದ್ದರೆ, ಮೂತ್ರಕೋಶದಲ್ಲಿ ಕೆಸರು ಸೇರುತ್ತಿರಬಹುದು, ಮುಂದೆ ಕಲ್ಲಾಗಬಹುದು. ಆಹಾರಕ್ಕೂ ಇದಕ್ಕೂ ಸಂಬಂಧವಿದೆ, ಆದರೆ ಆಹಾರವೊಂದೇ ಕಾರಣವಲ್ಲ. ನೀರು ಸಾಲದಿರುವುದು, ಓಡಾಟವಿಲ್ಲದಿರುವುದು, ಹುಟ್ಟಿನಿಂದ ಬಂದ ಗುಣ, ಎಲ್ಲವೂ ಸೇರುತ್ತವೆ. ಸದ್ಯಕ್ಕೆ ಪಾಲಕ್, ದಂಟು, ನುಗ್ಗೆಸೊಪ್ಪುಗಳನ್ನು ನಿಲ್ಲಿಸಿ, ಕೊತ್ತಂಬರಿಯನ್ನು ಮಿತವಾಗಿ ಕೊಡಿ, ಸೊಪ್ಪನ್ನು ನೀರು ಸೋರುವಂತೆಯೇ ಬಡಿಸಿ, ನೀರಿನ ಬಾಟಲಿಯ ನಳಿಕೆಯಲ್ಲಿ ಹನಿ ಸರಿಯಾಗಿ ಬರುತ್ತಿದೆಯೇ ಪರೀಕ್ಷಿಸಿ. ಮೂತ್ರ ಮಾಡುವಾಗ ಬೆನ್ನು ಬಾಗಿಸಿ ಚೀರಿದರೆ, ರಕ್ತ ಕಂಡರೆ, ತಡಮಾಡದೆ ಎಕ್ಸ್‌ರೇ ತೆಗೆಸಿ. ಇವುಗಳ ಕಲ್ಲು ಸುಣ್ಣದ್ದಾದ್ದರಿಂದ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಹೋಗುವಾಗ ಈವರೆಗೆ ತಿನ್ನಿಸುತ್ತಿದ್ದ ಆಹಾರದ ಪೊಟ್ಟಣವನ್ನು, ಖಾಲಿಯಾಗಿದ್ದರೂ ಸರಿಯೇ, ಜೊತೆಗೆ ಒಯ್ಯಿರಿ; ವೈದ್ಯರು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರ ಹಿಂಬದಿಯಲ್ಲಿರುತ್ತದೆ.